ಅಳವಾದ ಬಾವಿ

ನಮ್ಮ ಶಾಲೆಯ ಹಿಂದೆ, ಜಾಲಿಕಂಟಿಯ ಆಚೆ
ಒಂದು ಬಾವಿ.
ಇಳಿಯಲು ಮೆಟ್ಟಿಲು, ಪಾರಿವಾಳಕ್ಕೆ ಕಮಾನು;
ನೀರು, ಬಂದ ವರ್ಷ ಬರುತ್ತದೆ.
ಹತ್ತನೇ ‘ಬ’ ವಿಭಾಗಕ್ಕೆ ಈ ಸಲ ಕೊಟ್ಟ ಕೆಲಸ ಇಷ್ಟೇ:
ಇದನ್ನು ಯಾರು ಕಟ್ಟಿಸಿದರು?
ನೆಟ್ಟಿನಲ್ಲಿ ನೋಡಿ. ನೋಡಿದ್ದನ್ನು ತಕ್ಷಣ ನಂಬಬೇಡಿ.
ಮೊದಲು ಕೇಳಿ: ನಿನಗೆ ಯಾರು ಹೇಳಿದರು?
ಅವರಿಗೆ ಯಾರು?

ಸೋಮವಾರ ಮಾಳಪ್ಪ ಎದ್ದು ನಿಂತ,
ಬಾಯಿಪಾಠ ಒಪ್ಪಿಸುವ ಗತ್ತಿನಲ್ಲಿ.
“ಅಕ್ಕೋರ, ಒಂಬತ್ತು ಕಡೆ ಐತ್ರಿ.
ಯಾರೋ ಒಬ್ಬಾಕಿ ಬೇಗಂ ತನ್ನ ದಾಸಿ ಸಲುವಾಗಿ ಕಟ್ಟಿಸ್ಯಾಳ.
ಸಾವಿರದ ಐನೂರಾ ತೊಂಬತ್ತೆರಡು.
ಒಂಬತ್ತೂ ಮಂದಿ ಸುಳ್ಳು ಹೇಳ್ತಾರೇನ್ರಿ?”

ಹಿಂದಿನ ಬೆಂಚಿನಿಂದ ತಸ್ಮಿಯಾ, ಕೈ ಎತ್ತದೆ:
“ಗೋಳಗುಮ್ಮಟದಾಗ ನೀ ಒಮ್ಮೆ ಕೆಮ್ಮಿದ್ರ
ಏಳು ಮಂದಿಗೆ ನೆಗಡಿ ಆಗೇತಿ ಅಂತಿಯೇನ?”

ನಕ್ಕೆವು.
ಮಾಳಪ್ಪ ಕೂತ, ಕಿವಿ ಕೆಂಪಗೆ.

ಗುರುವಾರ ಭೌರವ್ವ ಬಂದಳು.
ಮನೆಯಲ್ಲಿ ಫೋನಿಲ್ಲ. ಲ್ಯಾಬಿನಲ್ಲಿ
ಇನ್ನೂ ಜೀವವಿರುವ ಎರಡು ಕಂಪ್ಯೂಟರುಗಳಲ್ಲಿ ಒಂದರ ಮುಂದೆ
ಮೂರು ಮಧ್ಯಾಹ್ನ ಕೂತು, ಒಂಬತ್ತನ್ನೂ
ಕೈಯಾರೆ ಬರೆದುಕೊಂಡಿದ್ದಳು, ತಪ್ಪು ಇದ್ದಲ್ಲಿ ತಪ್ಪಿನ ಸಮೇತ.
ಬೆರಳಲ್ಲಿ ಸರಿಸುವವರಿಗೆ ಕಾಣದ್ದು
ಪೆನ್ನು ಹಿಡಿದವರಿಗೆ ಕಂಡಿತ್ತು:
“ಒಂಬತ್ತರಾಗೂ ‘ಅಳವಾದ ಬಾವಿ’ ಅಂತ ಐತ್ರಿ.
ಆಳ ಅಲ್ಲ. ಅಳ.
ಅಷ್ಟೂ ಮಂದಿಗೆ ಒಂದ ಜಾಗಾದಾಗ
ದೀರ್ಘ ಬಿದ್ದ ಹೋಕ್ಕೈತೇನ್ರಿ?”

ನನ್ನ ಬೆನ್ನಲ್ಲಿ ಏನೋ ತಣ್ಣಗೆ ಇಳಿಯಿತು,
ಮೆಟ್ಟಿಲು ಮೆಟ್ಟಿಲಾಗಿ.

“ತಾರೀಖು ಹಚ್ಚಿ ನೋಡಿದೆ ಅಕ್ಕೋರ.
ಎಲ್ಲಕ್ಕೂ ಹಳೇದು ಒಂದು ಫೋಟೊ, ಯಾವುದೋ ಪುಸ್ತಕದ ಪುಟದ್ದು.
ಮ್ಯಾಲ ನಮ್ಮ ಸಾಲಿ ಹೆಸರು ಐತಿ.
ಕೆಳಗ ಬರದವರ ಹೆಸರು...”
ನಿಲ್ಲಿಸಿದಳು. ನೋಟುಬುಕ್ಕಿನಲ್ಲಿ
ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟಳು.

ಹೇಳು ಅಂದೆ. ಹೇಳಲಿಲ್ಲ.
ನಾನೇ ಹೇಳಿದೆ:
ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಪುಟ ನಲವತ್ತೊಂದು,
ಕಸ್ತೂರಿ ಇಟ್ಟಂಗಿಹಾಳ, ಇತಿಹಾಸ ಶಿಕ್ಷಕಿ.

ಹದಿಮೂರು ವರ್ಷದ ಹಿಂದೆ. ಹೆಡ್ ಮಾಸ್ತರರಿಗೆ
ಶನಿವಾರದೊಳಗೆ ಒಂದು ಪುಟ ತುಂಬಬೇಕಿತ್ತು.
ಬಸ್ಸಿಗೆ ಕಾಯುತ್ತ ಚಹಾದ ಗೈಬುಸಾಬನನ್ನು ಕೇಳಿದ್ದೆ.
ಸೋಸುತ್ತಲೇ ಅಂದಿದ್ದ:
“ಯಾರೋ ಬೇಗಂ ಕಟ್ಟಿಸಿರಬೇಕ್ರಿ, ದಾಸಿ ಪಾಸಿಗೆ.”
ಅವನ ‘ಇರಬೇಕು’ ನನ್ನ ಲೇಖನದಲ್ಲಿ ಇರಲಿಲ್ಲ.
ಅವನು ಸತ್ತು ನಾಲ್ಕು ವರ್ಷ; ಅವನ ಅನುಮಾನವನ್ನು
ನಾನು ಅವನಿಗಿಂತ ಮೊದಲೇ ಹೂಳಿದ್ದೆ.

ಇಸವಿ?
ನೆನಪಿಲ್ಲ ಅನ್ನಲು ಬಾಯಿ ತೆರೆದೆ.
ನೆನಪಿತ್ತು. ವಿಜಯಪುರದ ಬಸ್ಸಿನ ಟಿಕೆಟ್ಟಿನ
ಕೊನೆಯ ನಾಲ್ಕು ಅಂಕಿ.
ಕಾಲಕ್ಕೆ ಹೊಂದುತ್ತದಲ್ಲ ಅನಿಸಿತ್ತು.
ಇಸವಿಯಿಲ್ಲದ ಲೇಖನ ಮೂಗಿಲ್ಲದ ಮೂರ್ತಿಯ ಹಾಗೆ ಕಂಡಿತ್ತು.
ಬಿದ್ದ ದೀರ್ಘ ಪ್ರೆಸ್ಸಿನವರದು;
ಪ್ರೂಫಿನ ಕೆಳಗೆ ಸಹಿ ಮಾತ್ರ ನನ್ನದು.

ಫ್ಯಾನಿನ ಕಿರಕಿರ ಬಿಟ್ಟರೆ ಸದ್ದಿಲ್ಲ.
ಮಾಳಪ್ಪನೇ ಕೇಳಿದ, ಮೆಲ್ಲಗೆ:
“ಹಂಗಾರ ಯಾರು ಕಟ್ಟಿಸ್ಯಾರ್ರಿ?”

ಹಲಗೆಯ ಮೇಲೆ ಬರೆದೆ: ಗೊತ್ತಿಲ್ಲ.
ಇಪ್ಪತ್ತು ವರ್ಷದಲ್ಲಿ ಆ ಹಲಗೆ
ಆ ಪದವನ್ನು ಕಂಡಿರಲಿಲ್ಲ.
ಭೌರವ್ವ ಅದನ್ನೂ ಬರೆದುಕೊಂಡಳು,
ಪಕ್ಕದಲ್ಲಿ ತಾರೀಖು, ಹೇಳಿದವರ ಹೆಸರು.

ಶನಿವಾರ ಸೀಮೆಸುಣ್ಣ, ಟೇಪು ಹಿಡಿದು ಬಾವಿಗೆ ಇಳಿದೆವು.
ಮಾಳಪ್ಪ ಎಣಿಸಿದ: ಮೂವತ್ತೆಂಟು ಮೆಟ್ಟಿಲು.
ತಸ್ಮಿಯಾ ಎಣಿಸಿದಳು: ಮೂವತ್ತೊಂಬತ್ತು.
ಪಾರಿವಾಳಗಳು ಎದ್ದು ಹೋದವು. ಮತ್ತೆ ಎಣಿಸಿದೆವು.
ತಳದ ಹತ್ತಿರ ಒಂದು ಅರ್ಧ ಮುರಿದಿದೆ.
ಅದನ್ನು ಮೆಟ್ಟಿಲು ಅನ್ನಬೇಕೋ ಬೇಡವೋ
ಇನ್ನೂ ತೀರ್ಮಾನವಾಗಿಲ್ಲ.